ಗುಲ್ಗುಲೆಯ ತಟ್ಟೆ ಮತ್ತು ಕಾದೆಣ್ಣೆಯ ಚರಿತ್ರೆ

ನಮ್ಮ ಮನೆಯಲ್ಲಿ ಕಾಯಿಲೆ ಬಿದ್ದವರು ಎದ್ದು ಕೂತರೆ, ದೂರ ಹೋದವರು ಸುಖವಾಗಿ ಮರಳಿದರೆ, ಹೆರಿಗೆ ಸಲೀಸಾಗಿ ಆದರೆ ದಾದಿಮಾ ಒಲೆಯ ಮೇಲೆ ಬಾಣಲೆ ಇಡುತ್ತಿದ್ದರು. ಗೋಧಿ ಹಿಟ್ಟು, ಸೋಸಿದ ಬೆಲ್ಲದ ನೀರು, ಒಂದು ಚಿಟಿಕೆ ಉಪ್ಪು, ಅಂಗೈಯಲ್ಲಿ ತಿಕ್ಕಿ ಹಾಕಿದ ಸೋಂಪು. ಇಷ್ಟನ್ನು ಕಲಸಿ, ಬೆರಳ ತುದಿಯಿಂದ ಕಾದ ಎಣ್ಣೆಗೆ ಜಾರಿಸಿದರೆ ಹಿಟ್ಟು ಒಮ್ಮೆ ಮುಳುಗಿ, ಮೇಲೆದ್ದು, ತನ್ನಷ್ಟಕ್ಕೆ ಮಗುಚಿಕೊಂಡು ಗುಂಡಗಾಗುತ್ತಿತ್ತು. ಅದೇ ಗುಲ್ಗುಲೆ. ಮೊದಲ ಒಬ್ಬೆಯನ್ನು ಯಾರೂ ಬಾಯಿಗೆ ಹಾಕುವಂತಿರಲಿಲ್ಲ. ಅದು ಮಸೀದಿಯ ಗೋಡೆಗೂಡಿಗೆ, ಅಂದರೆ ‘ತಾಖ್’ಗೆ ಹೋಗಬೇಕು. ಅಲ್ಲಿಂದ ಅದು ಮದರಸದ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಎರಡನೆಯ ಒಬ್ಬೆ ಬೀದಿಗೆ. ಕ್ರೋಷಾ ಹಾಕಿದ ಬಟ್ಟೆ ಮುಚ್ಚಿ ತಟ್ಟೆಯನ್ನು ನನ್ನ ಕೈಗೆ ಕೊಡುತ್ತಿದ್ದರು. ಗೌಡರ ಮನೆ, ದರ್ಜಿಯವರ ಮನೆ, ಮೂಲೆಯ ಟೀಚರಮ್ಮನ ಮನೆ. ಯಾರ ಮನೆಯಿಂದಲೂ ತಟ್ಟೆ ಬರಿದಾಗಿ ಬರುತ್ತಿರಲಿಲ್ಲ. ಒಂದು ಹಿಡಿ ಸಕ್ಕರೆಯೋ, ನಾಲ್ಕು ವೀಳ್ಯದೆಲೆಯೋ, ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಅಕ್ಕಿಯೋ ಅದರಲ್ಲಿ ಇರುತ್ತಿತ್ತು. ದೀಪಾವಳಿಗೆ ಅದೇ ಮನೆಗಳಿಂದ ಕರ್ಜಿಕಾಯಿ, ಕಜ್ಜಾಯ ಬರುತ್ತಿದ್ದವು. ಆ ತಟ್ಟೆಗಳನ್ನು ನಾವೂ ಬರಿದಾಗಿ ಕಳಿಸುತ್ತಿರಲಿಲ್ಲ.

ಈಚೆಗೆ, ಮನೆಯಲ್ಲಿ ಒಬ್ಬರು ಆಸ್ಪತ್ರೆಯಿಂದ ಗುಣವಾಗಿ ಬಂದ ದಿನ, ನಾನೂ ಬಾಣಲೆ ಇಟ್ಟೆ. ಕರಿದ ವಾಸನೆಗೆ ಅಡುಗೆಮನೆಗೆ ಬಂದ ನೆಂಟರ ಹುಡುಗನೊಬ್ಬ, ‘ಖಾಲಾ, ಇದೆಲ್ಲ ಬಿದ್‌ಅತ್. ದೀನ್‌ನಲ್ಲಿ ಇಲ್ಲ’ ಎಂದ. ತಿನ್ನಲಿಲ್ಲ. ಸಂಜೆ ಪಕ್ಕದ ಮನೆಗೆ ತಟ್ಟೆ ತೆಗೆದುಕೊಂಡು ಹೋದೆ. ಬಾಗಿಲು ತೆರೆದ ಹುಡುಗಿ ತಟ್ಟೆ ಈಸಿಕೊಂಡು ಅಲ್ಲೇ ನಿಂತಳು. ‘ಆಂಟಿ, ನಿಮ್ಮ ಮನೇದು ತಿನ್ನಬಾರದಂತೆ’ ಎಂದಳು. ಅವಳಿಗೆ ಎಂಟು ವರ್ಷ. ಅವಳು ಕೇಳಿಸಿಕೊಂಡದ್ದನ್ನು ಹೇಳಿದಳು, ಅಷ್ಟೆ. ಒಂದೇ ದಿನ, ಒಂದೇ ಬಾಣಲೆಯ ತಿಂಡಿಗೆ ಎರಡು ಕಡೆಯಿಂದ ಬಂದ ಈ ಎರಡು ಮಾತು ನನ್ನನ್ನು ಬಹಳ ದಿನ ಕಾಡಿದವು. ಒಬ್ಬರಿಗೆ ಗುಲ್ಗುಲೆ ಸಾಕಷ್ಟು ಇಸ್ಲಾಮೀ ಅಲ್ಲ. ಇನ್ನೊಬ್ಬರಿಗೆ ಅದು ತೀರ ಹೆಚ್ಚು ಇಸ್ಲಾಮೀ. ಹಾಗಾದರೆ ಈ ಹಿಟ್ಟಿನ ಉಂಡೆ ನಿಜಕ್ಕೂ ಯಾರದು? ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕುವವರು ನಮ್ಮವರೇ ಆದ ಕೆ.ಟಿ. ಅಚ್ಚಯ್ಯ ಅವರನ್ನು ನೆನೆಯಬೇಕು. 1923ರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಎಣ್ಣೆಯ ವಿಜ್ಞಾನಿ. ಎಣ್ಣೆಕಾಳುಗಳ ರಸಾಯನಶಾಸ್ತ್ರದಲ್ಲಿ ಬದುಕು ಕಳೆದವರು. ಆಮೇಲೆ ಸಾಹಿತ್ಯ, ಶಾಸನ, ಪ್ರವಾಸಕಥನಗಳನ್ನು ಜರಡಿ ಹಿಡಿದು ಭಾರತೀಯ ಆಹಾರದ ಚರಿತ್ರೆಯನ್ನು ಬರೆದರು. 1994ರಲ್ಲಿ ಪ್ರಕಟವಾದ ಆ ಗ್ರಂಥ ಇಂದಿಗೂ ಈ ವಿಷಯದಲ್ಲಿ ಮೊದಲು ತೆರೆಯಬೇಕಾದ ಪುಸ್ತಕ. ಅದನ್ನು ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮ ತಟ್ಟೆಯಲ್ಲಿರುವ ಯಾವುದೂ ಒಂದೇ ಊರಿನಿಂದ ಬಂದದ್ದಲ್ಲ.

ಹಿಟ್ಟನ್ನು ಕೊಬ್ಬಿನಲ್ಲಿ ಬೇಯಿಸುವ ವಿದ್ಯೆ ಈ ನೆಲದಲ್ಲಿ ಬಹಳ ಹಳೆಯದು. ಋಗ್ವೇದದಲ್ಲಿಯೇ ತುಪ್ಪದ ‘ಅಪೂಪ’ದ ಪ್ರಸ್ತಾಪ ಇದೆ. ನಮ್ಮ ‘ಅಪ್ಪ’, ಉತ್ತರದ ‘ಪುವಾ’, ‘ಮಾಲ್‌ಪುವಾ’ ಎಲ್ಲ ಆ ಹೆಸರಿನ ಮೊಮ್ಮಕ್ಕಳು. ಕನ್ನಡ ನಾಡಿಗೇ ಬಂದರೆ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಬಾವಿ, ಔಷಧಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಇದೆ. ಅದಾಗಿ ನೂರು ವರ್ಷದ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರ ಅನ್ನಭೋಗದ ಭಾಗದಲ್ಲಿ ವಡೆಯೂ ಇದೆ, ಪೂರಿಕೆಯೂ ಇದೆ. ಹಾಲನ್ನು ಒಡೆದು, ಬಟ್ಟೆಯಲ್ಲಿ ಸೋಸಿ, ಅಕ್ಕಿ ಹಿಟ್ಟು ಬೆರೆಸಿ, ತುಪ್ಪದಲ್ಲಿ ಕರಿದು, ಸಕ್ಕರೆಯ ಪಾಕದಲ್ಲಿ ಅದ್ದುವ ‘ಕ್ಷೀರಪ್ರಾಕಾರ’ ಎಂಬ ಸಿಹಿಯೂ ಇದೆ. ಇಂದಿನ ಗುಲಾಬ್ ಜಾಮೂನಿನ ಅಜ್ಜಿಯನ್ನು ಹುಡುಕುವವರು ಬೀದರ್ ಜಿಲ್ಲೆಯ ಬಸವಕಲ್ಯಾಣದ ಕಡೆಗೂ ಒಮ್ಮೆ ನೋಡಬೇಕು.

ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಎಂಬ ಜೈನ ಕವಿ ‘ಸೂಪಶಾಸ್ತ್ರ’ವನ್ನು ಕನ್ನಡದಲ್ಲಿ, ಅದೂ ಷಟ್ಪದಿಯಲ್ಲಿ ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಅಂದರೆ ಹಿಟ್ಟಿನ ತಿಂಡಿಗಳು. ಹದಿನೈದು, ಹದಿನಾರನೆಯ ಶತಮಾನದ ತಿರುಮಲೆಯ ಶಾಸನಗಳಲ್ಲಿ ಅತಿರಸ, ಅಪ್ಪ, ವಡೆಗಳ ನೈವೇದ್ಯಕ್ಕೆ ದತ್ತಿ ಬಿಟ್ಟ ವಿವರಗಳಿವೆ. ಅಂದರೆ ಕರಿದ ಹಿಟ್ಟು ಅರಮನೆಯಲ್ಲೂ ದೇವಾಲಯದಲ್ಲೂ ಗೌರವದ ಸ್ಥಾನ ಪಡೆದಿತ್ತು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ‘ಎಣ್ಣೆ’ ಎಂಬ ಪದವನ್ನು ಬಿಡಿಸಿದರೆ ‘ಎಳ್’ ಮತ್ತು ‘ನೆಯ್’, ಎಳ್ಳಿನ ತುಪ್ಪ.

ಈಗ ಇದೇ ಎಳ್ಳೆಣ್ಣೆಯ ಬಾಣಲೆಯನ್ನು ಬಾಗ್ದಾದಿನಲ್ಲಿ ನೋಡೋಣ. ಹತ್ತನೆಯ ಶತಮಾನದಲ್ಲಿ ಇಬ್ನ್ ಸಯ್ಯಾರ್ ಅಲ್ ವರ್ರಾಖ್ ಎಂಬಾತ ಅಬ್ಬಾಸೀ ಖಲೀಫರ ಕಾಲದ ಅಡುಗೆಗಳನ್ನೆಲ್ಲ ಕೂಡಿಹಾಕಿ ‘ಕಿತಾಬುಲ್ ತಬೀಖ್’ ಎಂಬ ದೊಡ್ಡ ಗ್ರಂಥ ಮಾಡಿದ. ಅರಬ್ಬಿಯಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಪಾಕಗ್ರಂಥ ಅದು. ಅದರಲ್ಲಿ ‘ಜಲಾಬಿಯಾ’ ಅಥವಾ ‘ಜುಲಾಬಿಯಾ’ಕ್ಕೇ ಪ್ರತ್ಯೇಕ ಜಾಗ ಇದೆ. ಹುಳಿ ಬಂದ ತೆಳು ಹಿಟ್ಟನ್ನು ತೂತಿನ ಪಾತ್ರೆಯಿಂದ ಕಾದ ಎಣ್ಣೆಗೆ ಬಲೆಬಲೆಯಾಗಿ ಬಿಟ್ಟು, ಜೇನಿನಲ್ಲಿ ಅದ್ದಿ ತೆಗೆಯುವ ವಿಧಾನ ಅಲ್ಲಿದೆ. ಅದಕ್ಕೂ ಮುಂಚೆ, ಒಂಬತ್ತನೆಯ ಶತಮಾನದ ಬಾಗ್ದಾದಿನ ಕವಿ ಇಬ್ನುಲ್ ರೂಮಿ ಜಲಾಬಿಯಾ ಕರಿಯುವ ಬಡ ಕೆಲಸಗಾರನ ಮೇಲೆ ಒಂದು ಕವಿತೆಯನ್ನೇ ಬರೆದ. ಖಲೀಫರನ್ನು ಹೊಗಳಿ ಬದುಕುತ್ತಿದ್ದ ಕವಿಗಳ ಕಾಲದಲ್ಲಿ ಬೀದಿ ಬದಿಯ ಬಾಣಲೆಯವನ ಕೈಚಳಕವೂ ಕಾವ್ಯದ ವಸ್ತುವಾಯಿತು.

ಕೆಲಸಗಾರನ ಕೈಚಳಕವನ್ನು ಮೆಚ್ಚಿದ ಆ ಸಮಾಜ ಅವನ ಬಾಣಲೆಯನ್ನು ಪರೀಕ್ಷಿಸಲೂ ಮರೆಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಲ್ ಶೈಜರೀ ಮಾರುಕಟ್ಟೆಯ ಮೇಲ್ವಿಚಾರಕರಾದ ಮುಹ್ತಸಿಬರಿಗಾಗಿ ಒಂದು ಕೈಪಿಡಿ ಬರೆದ. ಜಲಾಬಿಯಾ ಮಾಡುವವರ ಬಾಣಲೆ ಒಳ್ಳೆಯ ಕೆಂಪು ತಾಮ್ರದ್ದಾಗಿರಬೇಕು ಎನ್ನುತ್ತದೆ ಅದು. ಹೊಸ ಬಾಣಲೆಯಲ್ಲಿ ಮೊದಲು ತೌಡನ್ನು ಸುಡಬೇಕು. ಆರಿದ ಮೇಲೆ ಸೊಪ್ಪಿನಿಂದ ಉಜ್ಜಬೇಕು. ಮತ್ತೆ ಒಲೆಗಿಟ್ಟು ಸ್ವಲ್ಪ ಜೇನು ಸುಟ್ಟು, ಮಡಕೆ ಚೂರಿನ ಪುಡಿಯಿಂದ ತಿಕ್ಕಿ ತೊಳೆಯಬೇಕು. ತಾಮ್ರದ ಕಿಲುಬು ಗಿರಾಕಿಯ ಹೊಟ್ಟೆಗೆ ಹೋಗಬಾರದು ಎಂಬುದೇ ಇಷ್ಟೆಲ್ಲದರ ಉದ್ದೇಶ. ಆಹಾರದ ಶುದ್ಧಿ ಎಂದರೆ ಏನು ಎಂದು ಇಂದು ಕೂಗಾಡುವ ಎಲ್ಲರೂ ಈ ಪುಟವನ್ನು ಓದಬೇಕು. ಅಲ್ಲಿ ಕರಿಯುವವನ ಕುಲ ಕೇಳಿಲ್ಲ, ಪಾತ್ರೆ ತೊಳೆದಿದ್ದಾನೆಯೇ ಎಂದು ಕೇಳಿದೆ.

1226ರಲ್ಲಿ, ಮಂಗೋಲರು ಬಾಗ್ದಾದನ್ನು ಸುಡುವ ಮೂವತ್ತೆರಡು ವರ್ಷ ಮೊದಲು, ಮುಹಮ್ಮದ್ ಬಿನ್ ಹಸನ್ ಅಲ್ ಬಾಗ್ದಾದಿ ಇನ್ನೊಂದು ‘ಕಿತಾಬುಲ್ ತಬೀಖ್’ ಬರೆದ. ಅದರಲ್ಲಿ ನನ್ನ ದಾದಿಮಾ ಕಂಡಿದ್ದರೆ ಥಟ್ಟನೆ ಗುರುತು ಹಿಡಿಯುತ್ತಿದ್ದ ಒಂದು ತಿಂಡಿ ಇದೆ. ‘ಲುಖಮುಲ್ ಖಾಜಿ’, ಅಂದರೆ ನ್ಯಾಯಾಧೀಶರ ತುತ್ತುಗಳು. ಹುದುಗು ಬಂದ ಹಿಟ್ಟನ್ನು ಸಣ್ಣ ಸಣ್ಣ ಉಂಡೆ ಹರಿದು, ಎಳ್ಳೆಣ್ಣೆಯಲ್ಲಿ ಕರಿದು, ಪಾಕದಲ್ಲಿ ಅದ್ದಿ, ಮೇಲೆ ಪುಡಿ ಸಕ್ಕರೆ ಉದುರಿಸುವುದು. ಇಂದು ಗಲ್ಫಿಗೆ ದುಡಿಯಲು ಹೋದ ನಮ್ಮ ಕರಾವಳಿಯ ಹುಡುಗರು ರಂಜಾನಿನ ಇಫ್ತಾರಿನಲ್ಲಿ ತಿನ್ನುವ ‘ಲುಖೈಮಾತ್’ ಇದೇ ತುತ್ತಿನ ವಂಶದ್ದು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಬಾಗ್ದಾದಿನ ಪಾಕಕ್ಕೆ ಸಕ್ಕರೆ ಎಲ್ಲಿಂದ ಬಂತು? ಕಬ್ಬಿನ ರಸವನ್ನು ಕುದಿಸಿ ಹರಳುಗಟ್ಟಿಸುವ ವಿದ್ಯೆ ಬೆಳೆದದ್ದು ಭಾರತದಲ್ಲಿ. ಇಲ್ಲಿಂದ ಅದು ಇರಾನಿಗೆ ಹೋಯಿತು. ಇರಾನನ್ನು ಗೆದ್ದ ಅರಬರು ಕಬ್ಬನ್ನು ಈಜಿಪ್ಟಿಗೆ, ಸ್ಪೇನಿಗೆ ಒಯ್ದರು. ಪದವೂ ಜೊತೆಗೇ ಪ್ರಯಾಣ ಮಾಡಿತು. ಸಂಸ್ಕೃತದ ‘ಶರ್ಕರಾ’ ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’, ಕನ್ನಡದಲ್ಲಿ ‘ಸಕ್ಕರೆ’. ಆದ್ದರಿಂದ ಜಲಾಬಿಯಾ ಹಿಂದೂಸ್ತಾನಕ್ಕೆ ಬಂದಾಗ ಅದು ಪೂರ್ತಿ ಪರದೇಶಿಯಾಗಿ ಬರಲಿಲ್ಲ. ಅದರ ಮೈಯೊಳಗಿನ ರಸ ಈ ನೆಲದ ವಿದ್ಯೆಯಿಂದಲೇ ಆದದ್ದು. ಮದುವೆಯಾಗಿ ದೂರ ಹೋದ ಮಗಳು ಬೇರೆ ದೇಶದ ಉಡುಗೆ ಉಟ್ಟು ತವರಿಗೆ ಬಂದಂತೆ.

ಬಂದ ಬಗೆಯೂ ಕುತೂಹಲದ್ದು. ಮೊರಾಕೋದ ಪ್ರವಾಸಿ ಇಬ್ನ್ ಬತೂತಾ 1333ರಲ್ಲಿ ಸಿಂಧೂ ನದಿಯ ದಡ ತಲುಪಿ, ಅಲ್ಲಿಂದ ದೆಹಲಿಗೆ ಬಂದು, ಮುಹಮ್ಮದ್ ಬಿನ್ ತುಘಲಕ್‌ನ ಖಾಜಿಯಾದ. ತಾನು ಕಂಡ ಔತಣಗಳಲ್ಲಿ ಬಡಿಸಿದ ಪದಾರ್ಥಗಳನ್ನು ಕ್ರಮವಾಗಿ ಹೇಳಿದ್ದಾನೆ. ತೆಳುವಾದ ಹಿಟ್ಟಿನ ಹಾಳೆಯೊಳಗೆ ಕೈಮಾ, ಬಾದಾಮಿ, ಈರುಳ್ಳಿ ತುಂಬಿ ತುಪ್ಪದಲ್ಲಿ ಕರಿದ ‘ಸಮೂಸಕ್’ ಒಬ್ಬೊಬ್ಬರಿಗೆ ನಾಲ್ಕೈದು. ತುಪ್ಪದ ಅನ್ನ. ಕೊನೆಯ ಸಿಹಿಗಳಲ್ಲಿ ಅದೇ ನ್ಯಾಯಾಧೀಶರ ತುತ್ತು. ಅದಕ್ಕೆ ಇಲ್ಲಿಯವರು ‘ಹಾಶಿಮೀ’ ಎನ್ನುತ್ತಾರೆ ಎಂದೂ ಬರೆದಿದ್ದಾನೆ.

ಅದೇ ಇಬ್ನ್ ಬತೂತಾ ಕೆಲವು ವರ್ಷಗಳ ನಂತರ ನಮ್ಮ ಹೊನ್ನಾವರಕ್ಕೆ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ಮೂರು ಶಾಲೆಗಳಿದ್ದವೆಂದೂ, ಹೆಂಗಸರು ಕುರ್‌ಆನನ್ನು ಬಾಯಿಪಾಠ ಮಾಡಿದ್ದರೆಂದೂ ದಾಖಲಿಸಿದ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಊಟ ಮಾಡಿದ. ತಟ್ಟೆಯಲ್ಲಿ ಇದ್ದದ್ದು ಅನ್ನ, ತುಪ್ಪ, ಕಾಳುಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಕೊನೆಗೆ ಮೊಸರು. ಸಮೂಸಕ್ ಇಲ್ಲ, ಖಾಜಿಯ ತುತ್ತೂ ಇಲ್ಲ. ದೆಹಲಿಯ ಸುಲ್ತಾನನೂ ಮುಸಲ್ಮಾನ, ಹೊನ್ನಾವರದ ಸುಲ್ತಾನನೂ ಮುಸಲ್ಮಾನ. ಆದರೆ ಒಬ್ಬನ ನೆಲದಲ್ಲಿ ಗೋಧಿ ಬೆಳೆಯುತ್ತಿತ್ತು, ಇನ್ನೊಬ್ಬನ ನೆಲದಲ್ಲಿ ಭತ್ತ. ತಟ್ಟೆಗೆ ಏನು ಬರಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಹೊಲ. ಆಮೇಲೆ ದಾರಿ, ಆಮೇಲೆ ನೆರೆಹೊರೆ. ಧರ್ಮ ಅದರಲ್ಲಿ ಕೆಲವನ್ನು ಬೇಡ ಎನ್ನುತ್ತದೆ, ಅಷ್ಟೆ.

ಜಲಾಬಿಯಾ ಭಾರತದ ಭಾಷೆಗಳಲ್ಲಿ ಜಲೇಬಿ, ಕನ್ನಡದಲ್ಲಿ ಜಿಲೇಬಿ ಆಯಿತು. ಅದರ ಚರಿತ್ರೆಯನ್ನು ಶೋಧಿಸಿದವರು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಪಿ.ಕೆ. ಗೋಡೆ. 1943ರಲ್ಲಿ ಅವರು ಬರೆದ ಲೇಖನದ ಪ್ರಕಾರ ಭಾರತದಲ್ಲಿ ಜಿಲೇಬಿಯ ಹಳೆಯ ಉಲ್ಲೇಖ ಸಿಗುವುದು ಯಾವ ಸುಲ್ತಾನನ ದಫ್ತರದಲ್ಲೂ ಅಲ್ಲ. ಸುಮಾರು 1450ರಲ್ಲಿ ಜಿನಸೂರ ಎಂಬ ಜೈನ ಲೇಖಕ ಬರೆದ ‘ಪ್ರಿಯಂಕರನೃಪಕಥೆ’ಯಲ್ಲಿ ಶ್ರೀಮಂತ ವರ್ತಕನೊಬ್ಬನ ಮನೆಯ ಊಟದಲ್ಲಿ ಅದು ಬಡಿಸಲ್ಪಡುತ್ತದೆ. ತಿನ್ನುವ ವಿಷಯದಲ್ಲಿ ಜೈನರಷ್ಟು ಎಚ್ಚರದವರು ಈ ದೇಶದಲ್ಲಿ ಇನ್ನಾರು? ಅವರ ಪಂಕ್ತಿಯಲ್ಲೇ ಅರಬ್ಬಿ ಹೆಸರಿನ ಸಿಹಿ ನಿರಾತಂಕವಾಗಿ ಕೂತಿದೆ. ಮುಂದೆ ಹದಿನೇಳನೆಯ ಶತಮಾನದಲ್ಲಿ ರಘುನಾಥ ಪಂಡಿತನ ‘ಭೋಜನಕುತೂಹಲ’ದಲ್ಲೂ ಅದರ ವಿಧಾನ ಬಂತು. ಪಂಡಿತರು ಅದಕ್ಕೆ ‘ಕುಂಡಲಿಕಾ’, ‘ಜಲವಲ್ಲಿಕಾ’ ಎಂದು ಚೆಂದದ ಸಂಸ್ಕೃತ ಹೆಸರುಗಳನ್ನೂ ಇಟ್ಟರು. ಹೊರಗಿನಿಂದ ಬಂದ ಮಗುವಿಗೆ ಮನೆಯ ಹೆಸರಿಟ್ಟು ತೊಟ್ಟಿಲಿಗೆ ಹಾಕುವುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು ತಿಂಡಿಯ ಕಥೆ ಹೇಳಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ದೀಪಾವಳಿಗೆ ಶಂಕರಪೋಳಿ ಇಲ್ಲದಿದ್ದರೆ ಹಬ್ಬ ಪೂರ್ತಿಯಾಗುವುದಿಲ್ಲ. ಮೈದಾ, ತುಪ್ಪ, ಸಕ್ಕರೆ ಬೆರೆಸಿ ಲಟ್ಟಿಸಿ, ವಜ್ರದಾಕಾರಕ್ಕೆ ಕತ್ತರಿಸಿ ಕರಿಯುವ ಬಿಲ್ಲೆಗಳು. ನಮ್ಮ ಮನೆಗಳಲ್ಲಿ ಇದಕ್ಕೆ ‘ಶಕ್ಕರ್‌ಪಾರೆ’ ಎನ್ನುತ್ತೇವೆ. ಮೂಲ ಪಾರಸಿಯ ‘ಶಕರ್‌ಪಾರಾ’, ಅಂದರೆ ಸಕ್ಕರೆಯ ತುಂಡು. ಮರಾಠಿ, ಕನ್ನಡ ನಾಲಗೆಗಳ ಮೇಲೆ ಉರುಳಿ ಉರುಳಿ ‘ಶಕರ್’ ‘ಶಂಕರ’ನಾದ, ‘ಪಾರಾ’ ‘ಪೋಳಿ’ಯಾಯಿತು. ಸಂಸ್ಕೃತದ ಶರ್ಕರಾ ಇರಾನಿಗೆ ಹೋಗಿ ಶಕರ್ ಆಗಿ, ಮರಳಿ ಬಂದು ಶಿವನ ಹೆಸರು ಹೊತ್ತುಕೊಂಡಿತು. ಯಾವ ಅರಸನೂ ಆಜ್ಞೆ ಮಾಡಿ ಇಂಥ ಬದಲಾವಣೆ ತರಲಾರ. ಲಟ್ಟಣಿಗೆ ಹಿಡಿದ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡುತ್ತ ಮಾಡಿದ ಕೆಲಸ ಇದು.

ಕರ್ಜಿಕಾಯಿಯನ್ನು ನೋಡಿ. ಮರಾಠಿಯಲ್ಲಿ ಅದು ಕರಂಜಿ. ಮಂಗಳೂರಿನ ಕ್ರೈಸ್ತರ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಾದ ‘ಕುಸ್ವಾರ್’ನಲ್ಲಿ ಅದೇ ಅರ್ಧಚಂದ್ರ ‘ನೆವ್ರಿ’ ಎಂಬ ಹೆಸರಿನಲ್ಲಿ ಕೂತಿರುತ್ತದೆ. ಪಕ್ಕದಲ್ಲಿ ಹುಳುವಿನಂತೆ ಸುರುಳಿ ಸುತ್ತಿ ಕರಿದ ‘ಕಿಡ್ಯೊ’. ಹೊರದೇಶದಲ್ಲೂ ಇದೇ ಕಥೆ. ಹನ್ನೆರಡನೆಯ ಶತಮಾನದ ಯಹೂದಿ ವಿದ್ವಾಂಸ ರಬ್ಬಿ ಮೈಮೋನ್, ಪ್ರಸಿದ್ಧ ತತ್ವಜ್ಞಾನಿ ಮೈಮೊನಿಡಿಸ್‌ನ ತಂದೆ, ಹನುಕ್ಕಾ ಹಬ್ಬಕ್ಕೆ ಹಿಟ್ಟು ಕರಿಯುವ ಪದ್ಧತಿಯನ್ನು ಬಿಡಬಾರದು ಎಂದು ಅರಬ್ಬಿಯಲ್ಲಿ ಬರೆದ. ಆ ತಿಂಡಿಗೆ ಅರಬ್ಬಿಯ ‘ಸ್ಫಂಜ್’ ಎಂಬ ಹೆಸರನ್ನೇ ಹೇಳಿದ. ಯುರೋಪಿನ ಕ್ರೈಸ್ತರು ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಮೊದಲು ಮನೆಯಲ್ಲಿರುವ ಕೊಬ್ಬು ಖಾಲಿಯಾಗಲಿ ಎಂದು ಹಿಟ್ಟು ಕರಿಯುತ್ತಾರೆ. ತುರ್ಕಿಯ ಇಜ್ಮೀರಿನಲ್ಲಿ ಮನೆಯವರು ತೀರಿಕೊಂಡರೆ ಬೀದಿಯಲ್ಲಿ ಬಾಣಲೆ ಇಟ್ಟು ‘ಲೊಕ್ಮಾ’ ಕರಿದು, ಹೋಗುವವರು ಬರುವವರಿಗೆಲ್ಲ ಹಂಚುತ್ತಾರೆ. ಲೊಕ್ಮಾ ಎಂದರೆ ತುತ್ತು, ಬಾಗ್ದಾದಿನ ಲುಖಮ್. ಸತ್ತವರ ಹೆಸರಿನಲ್ಲಿ ಅಪರಿಚಿತನ ಬಾಯಿ ಸಿಹಿ ಮಾಡುವುದು ಎಂಥ ದೊಡ್ಡ ಆಲೋಚನೆ!

ನಮ್ಮ ದಖ್ಖನಿನಲ್ಲಿ ಆ ಕೆಲಸ ಗುಲ್ಗುಲೆಯ ಪಾಲಿಗೆ ಬಂತು. ದಖ್ಖನಿ ಮುಸಲ್ಮಾನರ ಬದುಕನ್ನು ಹುಟ್ಟಿನಿಂದ ಸಾವಿನವರೆಗೆ ವಿವರಿಸಿದ ‘ಖಾನೂನ್ ಎ ಇಸ್ಲಾಂ’ ಎಂಬ ಪುಸ್ತಕ 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬರೆದವರು ಇಲ್ಲಿಯವರೇ ಆದ ಜಾಫರ್ ಶರೀಫ್, ಇಂಗ್ಲಿಷಿಗೆ ತಂದವನು ಮದರಾಸಿನ ವೈದ್ಯ ಹರ್ಕ್ಲಾಟ್ಸ್. ತೊಟ್ಟಿಲ ಶಾಸ್ತ್ರ, ಮದುವೆ, ಉರುಸು, ಮೊಹರಂ, ಅವುಗಳಿಗೆ ಹೊಂದಿಕೊಂಡ ಅಡುಗೆಗಳು ಎಲ್ಲ ಅದರಲ್ಲಿವೆ. ಅದನ್ನು ಓದುತ್ತಿದ್ದರೆ ನಮ್ಮ ಅಜ್ಜಿಯರ ಧರ್ಮ ಬಹಳ ಮಟ್ಟಿಗೆ ಅಡುಗೆಮನೆಯ ಧರ್ಮವಾಗಿತ್ತು ಎಂದು ತಿಳಿಯುತ್ತದೆ. ಮಸೀದಿಯ ಸಾಲಿನಲ್ಲಿ ಅವರಿಗೆ ಜಾಗ ಇರಲಿಲ್ಲ. ಖುತ್ಬಾ ಓದುವ ಅಧಿಕಾರ ಇರಲಿಲ್ಲ. ಆದರೆ ಮಸೀದಿಯ ತಾಖಿನ ತನಕ ಅವರು ಕರಿದ ಗುಲ್ಗುಲೆ ಹೋಗಿ ಮುಟ್ಟುತ್ತಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರ ‘ಬಹಿಶ್ತೀ ಜೇವರ್’ ಬಂತು. ಮದುವೆಯ ಉಡುಗೊರೆಯಾಗಿ ಕುರ್‌ಆನಿನ ಜೊತೆ ಕೊಡುವಷ್ಟು ಜನಪ್ರಿಯವಾದ ಉರ್ದು ಪುಸ್ತಕ ಅದು. ನಾನೂ ಅದನ್ನು ಓದಿಯೇ ಬೆಳೆದವಳು. ಹೆಣ್ಣುಮಕ್ಕಳು ಓದಬೇಕು, ಬರೆಯಬೇಕು, ಲೆಕ್ಕ ಇಡಬೇಕು ಎಂದು ಅದು ಹೇಳಿದ್ದು ಸಣ್ಣ ಮಾತಲ್ಲ. ಅದೇ ಪುಸ್ತಕ ಹೆಂಗಸರ ರಿವಾಜುಗಳನ್ನು ಕಟುವಾಗಿ ಟೀಕಿಸಿತು. ಸಾಲ ಮಾಡಿ ಮಾಡುವ ದುಂದುಗಾರಿಕೆಯ ಬಗೆಗಿನ ಅದರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಬಿಸಿಗೆ ಹಂಚಿ ತಿನ್ನುವ ಪದ್ಧತಿಯೂ ಸುಟ್ಟುಹೋಯಿತೇ ಎಂದು ನನಗೆ ಅನುಮಾನ. ನೆಂಟರ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ. ‘ಇದು ದೀನ್ ಅಂತ ನಾನು ಹೇಳಲಿಲ್ಲ ಬೇಟಾ. ಹಸಿದವರಿಗೆ ಕೊಡು, ನೆರೆಯವರನ್ನು ಮರೆಯಬೇಡ ಅನ್ನೋದು ದೀನ್. ಕೊಡೋದಕ್ಕೆ ಕೈಯಲ್ಲಿ ಏನಾದರೂ ಬೇಕಲ್ಲ?’

ಈ ವಿದ್ಯೆ ಪುಸ್ತಕದಲ್ಲಿ ಉಳಿಯುವುದಿಲ್ಲ, ಕೈಯಲ್ಲಿ ಉಳಿಯುತ್ತದೆ. ಆದ್ದರಿಂದ ಗುಲ್ಗುಲೆಯ ಹದವನ್ನು ಇಲ್ಲಿ ಬರೆದಿಡುತ್ತೇನೆ. ಎರಡು ಬಟ್ಟಲು ಗೋಧಿ ಹಿಟ್ಟಿಗೆ ಒಂದು ಬಟ್ಟಲು ಪುಡಿ ಬೆಲ್ಲ. ಬೆಲ್ಲವನ್ನು ಒಂದು ಬಟ್ಟಲು ಬಿಸಿ ನೀರಲ್ಲಿ ಕರಗಿಸಿ, ಮರಳು ಹೋಗುವಂತೆ ಸೋಸಿ, ಆರಿಸಬೇಕು. ಹಿಟ್ಟಿಗೆ ಸೋಂಪು, ಏಲಕ್ಕಿ, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿ, ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಗಂಟಿಲ್ಲದಂತೆ ಕೈಯಲ್ಲೇ ಚೆನ್ನಾಗಿ ಹೊಡೆಯಬೇಕು. ಹಿಟ್ಟು ಬೆರಳಿನಿಂದ ಸುರಿಯಬಾರದು, ಜಾರಬೇಕು. ಹಳಬರು ರಾತ್ರಿ ಕಲಸಿಟ್ಟು ಬೆಳಿಗ್ಗೆ ಕರಿಯುತ್ತಿದ್ದರು, ಅಷ್ಟರಲ್ಲಿ ಹಿಟ್ಟು ತಾನೇ ಹುದುಗು ಬರುತ್ತಿತ್ತು. ಅವಸರ ಇದ್ದವರು ಚಿಟಿಕೆ ಸೋಡಾ ಹಾಕಬಹುದು, ಇಲ್ಲವೇ ಹಣ್ಣಾದ ಒಂದು ಬಾಳೆಹಣ್ಣು ಕಿವುಚಬಹುದು.

ಎಣ್ಣೆ ಕಾದಿದೆಯೇ ಎಂದು ನೋಡಲು ಸಾಸಿವೆಯಷ್ಟು ಹಿಟ್ಟು ಬಿಡಬೇಕು. ಅದು ತಳದಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ತಕ್ಷಣ ಕಪ್ಪಾದರೆ ಅತಿಯಾಗಿ ಕಾದಿದೆ. ನಿಧಾನವಾಗಿ ಮೇಲೆದ್ದು ಸುತ್ತ ಗುಳ್ಳೆ ಎಬ್ಬಿಸಿದರೆ ಸರಿ. ಆ ಗುಳ್ಳೆ ಎಣ್ಣೆಯದಲ್ಲ, ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುತ್ತಿರುವುದು. ಆವಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಇಲ್ಲ. ತೆಗೆದು ಆರಿಸುವಾಗಲೇ ಮೇಲ್ಮೈಯಲ್ಲಿ ಉಳಿದ ಎಣ್ಣೆಯನ್ನು ತಿಂಡಿ ಹೀರುವುದು. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿದ ಕೂಡಲೇ, ಬಿಸಿ ಇರುವಾಗಲೇ ಚೆನ್ನಾಗಿ ಬಸಿಯಬೇಕು. ಬೆಲ್ಲ ಬೇಗ ಕಪ್ಪಾಗುವುದರಿಂದ ಉರಿ ಸಣ್ಣಗಿರಬೇಕು, ಇಲ್ಲದಿದ್ದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಅಂದಹಾಗೆ, ನಾವು ಇಂದು ಕರಿಯುವ ಕಡಲೆಕಾಯಿ ಎಣ್ಣೆಯ ಗಿಡ ದಕ್ಷಿಣ ಅಮೆರಿಕದಿಂದ ಬಂದದ್ದು. ದಾದಿಮಾರ ಗುಲ್ಗುಲೆಯಲ್ಲೂ ಒಂದು ಸಮುದ್ರಯಾನ ಅಡಗಿತ್ತು.

ಇಷ್ಟು ದೂರ ನಡೆದು ಬಂದ ತಿಂಡಿಗಳು ನಮ್ಮ ಜಾತ್ರೆಗಳಲ್ಲಿ ಸಾಲಾಗಿ ಕೂರುತ್ತಿದ್ದವು. ಬೆಂಡು, ಬತ್ತಾಸು, ಜಿಲೇಬಿ, ಖಾರದ ಅಂಗಡಿಗಳಲ್ಲಿ ಎಷ್ಟೋ ಮುಸಲ್ಮಾನರವು. ಜಾತ್ರೆಯಿಂದ ಜಾತ್ರೆಗೆ ಬಾಣಲೆ ಹೊತ್ತು ತಿರುಗಿ ವರ್ಷದ ಅನ್ನ ಸಂಪಾದಿಸುವವರು. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಫಲಕಗಳು ಎದ್ದವು. 2002ರ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಅದರ ಬೆನ್ನಿಗೇ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಬಹಿಷ್ಕರಿಸುವ ಕರೆ ಬಂತು. ಎಂಟು ವರ್ಷದ ಹುಡುಗಿಯ ಬಾಯಲ್ಲಿ ‘ನಿಮ್ಮ ಮನೇದು’ ಎಂಬ ಮಾತು ಹುಟ್ಟುವುದು ಇಂಥ ಗಾಳಿಯಿಂದ. ಬೆಲ್ಲ, ಗೋಧಿ, ಸೋಂಪಿಗೆ ಹಲಾಲ್ ಇಲ್ಲ, ಹರಾಮ್ ಇಲ್ಲ ಎಂದು ಅವಳಿಗೆ ಹೇಳುವವರು ಯಾರು? ನೆಂಟರ ಹುಡುಗನಿಗೂ ಆ ಮಗುವಿನ ಮನೆಯವರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಆದರೂ ಇಬ್ಬರೂ ಸೇರಿ ಒಂದೇ ಕೆಲಸ ಮಾಡುತ್ತಿದ್ದಾರೆ. ತಟ್ಟೆ ಮನೆಯಿಂದ ಮನೆಗೆ ಹೋಗದ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಒಬ್ಬ ಈ ಬಾಗಿಲಲ್ಲಿ ತಡೆಯುತ್ತಾನೆ, ಇನ್ನೊಬ್ಬರು ಆ ಬಾಗಿಲಲ್ಲಿ.

ಜಿಲೇಬಿ ಅರಬರದು ಎಂದು ಬಿಟ್ಟರೆ ಸಕ್ಕರೆಯನ್ನು ಏನು ಮಾಡುತ್ತೀರಿ? ಶಂಕರಪೋಳಿ ಹಿಂದೂಗಳದ್ದು ಎಂದು ನಾವು ಬಿಟ್ಟರೆ ಶಕರ್‌ಪಾರೆಯನ್ನು ಏನು ಮಾಡೋಣ? ಚರಿತ್ರೆಯನ್ನು ಒಬ್ಬರಿಗೊಬ್ಬರು ಎಸೆಯುವ ಕಲ್ಲಾಗಿ ಮಾಡಿಕೊಂಡವರು ಬಾಣಲೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಅಲ್ಲಿ ಯಾವುದೂ ಶುದ್ಧವಾಗಿ ಉಳಿಯುವುದಿಲ್ಲ. ಹಿಟ್ಟಿಗೆ ನೀರು, ನೀರಿಗೆ ಬೆಲ್ಲ, ಎಲ್ಲಕ್ಕೂ ಬೆಂಕಿ ತಗುಲಿದ ಮೇಲೆಯೇ ಅದು ತಿನ್ನುವ ಹದಕ್ಕೆ ಬರುತ್ತದೆ.

ಆ ದಿನ ಹುಡುಗಿ ತಟ್ಟೆಯನ್ನು ವಾಪಸು ಕೊಡಲಿಲ್ಲ. ಒಳಗೆ ಒಯ್ದಳು. ಬಾಗಿಲು ಮೆಲ್ಲಗೆ ಮುಚ್ಚಿತು. ತಿಂದರೋ, ಹಸುವಿಗೆ ಹಾಕಿದರೋ ನನಗೆ ಗೊತ್ತಿಲ್ಲ. ಕ್ರೋಷಾದ ಬಟ್ಟೆಯೂ ಅದರ ಜೊತೆಗೇ ಇದೆ. ದಾದಿಮಾ ಹಾಕಿದ್ದು. ಮನೆಯಲ್ಲಿ ಹೋಗಿ ಕೇಳು ಎನ್ನುತ್ತಿದ್ದಾರೆ. ನಾನು ಕೇಳಲು ಹೋಗಿಲ್ಲ. ತಟ್ಟೆಯನ್ನು ಬರಿದಾಗಿ ಕಳಿಸಬಾರದು ಎಂಬುದು ನಮ್ಮ ಬೀದಿಯ ಹಳೆಯ ರಿವಾಜು. ಅದರಲ್ಲಿ ಏನಾದರೂ ಹಾಕಲು ಅವರು ಹೊತ್ತು ತೆಗೆದುಕೊಳ್ಳುತ್ತಿರಬಹುದು.